ಗಂಡಸರಿಲ್ಲದ ಕಡಲದಂಡೆ

ಪುಣೆ

ಸಿಂಹಳಕ್ಕೆ ಹೋಗಿಬಂದೆವು ಎಂದರೆ ಎಲ್ಲರೂ ಮೊದಲು ಕೇಳುವುದು ಅಲ್ಲಿ ಏನೇನು ನೋಡಿದಿರಿ ಎಂದು. ನಾವು ನೋಡಲು ಹೋದವರಲ್ಲ, ಮಾತಾಡಲು ಹೋದವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಬಿಡಾರ ಪುಣೆಯ ನಾರಾಯಣ ಪೇಟೆಯ ಒಂದು ವಾಡೆಯ ಹಿಂಭಾಗದಲ್ಲಿದೆ. ನಡುವೆ ಕಲ್ಲಿನ ಅಂಗಳ, ಸುತ್ತಲೂ ಏಳೆಂಟು ಸಂಸಾರ. ನಮ್ಮ ಪಾಲಿಗೆ ಎರಡು ಖೋಲಿ ಮತ್ತು ಒಂದು ಅಡುಗೆಮನೆ. ಅದರಲ್ಲಿ ನನ್ನ ಅತ್ತೆ, ಇಬ್ಬರು ಮೈದುನರು, ಬಾಣಂತನಕ್ಕೆ ಬಂದ ನಾದಿನಿ, ನಾವಿಬ್ಬರು. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ದೀಪ ಆರಿದ ಮೇಲೆ ಮಾತಾಡೋಣವೆಂದರೆ ಗೋಡೆಯಾಚೆಯ ಮರಾಠಿ ಮುದುಕರು ಮಗ್ಗುಲು ಬದಲಿಸಿದ್ದೂ ನಮಗೆ ಕೇಳುತ್ತದೆ. ನಮ್ಮದೂ ಅವರಿಗೆ ಕೇಳುವುದಿಲ್ಲವೇ? ಹೀಗಾಗಿ ಧಾರವಾಡದಿಂದ ಮದುವೆಯಾಗಿ ಬಂದಂದಿನಿಂದ ನಾನು ನಮ್ಮ ಯಜಮಾನರೊಡನೆ ಮಾತಾಡಿದ್ದೆಲ್ಲ ಪಿಸುದನಿಯಲ್ಲೇ. ಅವರ ದನಿ ಹೇಗಿದೆ ಎಂದು ನನಗೆ ಗೊತ್ತಿದ್ದದ್ದು ಅವರು ಮೈದುನರಿಗೆ ಗದರುವಾಗ ಕೇಳಿದ್ದರಿಂದ.

ಅವರು ಕಾಲುವೆ ಇಲಾಖೆಯ ಕಚೇರಿಯಲ್ಲಿ ನಕಾಶೆ ಬರೆಯುವವರು. ಒಂದು ಸಂಜೆ ಸಿಂಹಳ ದ್ವೀಪದ ನಕಾಶೆ ತಂದು ಚಾಪೆಯ ಮೇಲೆ ಹಾಸಿ, ಅದರ ದಕ್ಷಿಣದ ಅಂಚಿನಲ್ಲಿ ಬೆರಳಿಟ್ಟರು.

"ಇಲ್ಲಿ ನೋಡು, ಹೆಸರs ಇಲ್ಲ. ಹೆಸರಿಲ್ಲಂದ್ರ ಮಂದಿ ಇಲ್ಲ. ಸಮುದ್ರದ ದಂಡೀ ಮ್ಯಾಲೆ ಕೂತು ಎಷ್ಟು ಜೋರಾಗಿ ಬೇಕೋ ಅಷ್ಟು ಜೋರಾಗಿ ಮಾತಾಡೂಣು."

"ನನಗ ಜೋರಾಗಿ ಮಾತಾಡ್ಲಿಕ್ಕೆ ಬರೂದಿಲ್ರಿ" ಎಂದೆ, ಅದನ್ನೂ ಪಿಸುದನಿಯಲ್ಲಿ.

"ಬರ್ತದ. ಅಲ್ಲಿ ಯಾರದಾರ ಕೇಳ್ಲಿಕ್ಕೆ?"

ಅತ್ತೆಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅವರದು ಮಾತು ಕಡಿಮೆ. ಮಾವ ತೀರಿದಂದಿನಿಂದ ಕೆಂಪು ಸೀರೆಯ ಸೆರಗನ್ನು ಹಣೆಯತನಕ ಎಳೆದುಕೊಂಡು ಮಡಿಯಲ್ಲೇ ಇರುವವರು. ಸಮುದ್ರ ದಾಟಿದರೆ ಬಂದ ಮೇಲೆ ಪಂಚಗವ್ಯ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಯಜಮಾನರು, "ರಾಮದೇವರು ಹೋಗಿಬಂದ ಊರು ಅವ್ವಾ. ಮೊದಲ ರಾಮೇಶ್ವರ ಮಾಡಿಕೊಂಡs ಹೋಗ್ತೀವಿ" ಎಂದು ಸಮಾಧಾನ ಹೇಳಿದರು.

"ರಾಮದೇವರು ಹೆಂಡ್ತೀನ್ನ ಕಳಕೊಂಡು ಹೋಗಿದ್ರು. ನೀ ಕರಕೊಂಡು ಹೊಂಟೀದಿ" ಎಂದರು ಅತ್ತೆ. ಆದರೆ ಬೇಡ ಎನ್ನಲಿಲ್ಲ.

ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ನೀರೆಂದರೆ ಬಾವಿಯಿಂದ ಸೇದಿ ಕೊಡದಲ್ಲಿ ತರುವ ವಸ್ತು. ಆಚೆ ದಡವೇ ಕಾಣದಷ್ಟು ನೀರು ಎಂಬುದನ್ನು ನೆನೆದರೇ ಭಯವಾಗುತ್ತಿತ್ತು. ಹೊರಡುವ ದಿನದವರೆಗೂ ನಾದಿನಿಗೆ ಬೇಗ ಹೆರಿಗೆಯಾಗಲಿ, ಪ್ರಯಾಣ ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಂಡೆ. ಹೆರಿಗೆಯೂ ಆಯಿತು, ಗಂಡುಮಗು, ಆದರೆ ಸೂತಕ ಕಳೆದ ಮೇಲೂ ರಜೆ ಉಳಿದಿತ್ತು. ವೈಶಾಖದ ಕೊನೆಯಲ್ಲಿ ಹೊರಟೇಬಿಟ್ಟೆವು.

ಮಂಟಪಂ

ಮದರಾಸು ದಾಟಿದ ಮೇಲೆ ನಮ್ಮ ಡಬ್ಬಿಯಲ್ಲಿ ಒಬ್ಬ ಅರಿವೆ ವ್ಯಾಪಾರಿ ಹತ್ತಿದ. ಅವನಿಗೆ ಒಂದಿಷ್ಟು ಹಿಂದೂಸ್ತಾನಿ ಬರುತ್ತಿತ್ತು. ನಾವು ಪುಣೆಯವರೆಂದು ತಿಳಿದ ಕೂಡಲೇ ತನ್ನ ಹಾಸಿಗೆಯ ಸುರುಳಿಯನ್ನು ಸ್ವಲ್ಪ ಆಚೆ ಎಳೆದುಕೊಂಡ. ಸಿಂಹಳಕ್ಕೆ ಹೋಗುವವರನ್ನೆಲ್ಲ ಮಂಟಪಂ ಎಂಬಲ್ಲಿ ಇಳಿಸಿ ವೈದ್ಯರು ನೋಡುತ್ತಾರಂತೆ. ಪ್ಲೇಗು ಬರುವ ಊರಿನವರನ್ನು ತಂತಿಬೇಲಿಯೊಳಗೆ ಕೂಡಿಹಾಕುತ್ತಾರಂತೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ.

ನಮ್ಮ ಯಜಮಾನರಿಗೆ ರೈಲಿನ ಗಾಳಿಗೆ ನೆಗಡಿಯಾಗಿತ್ತು. ಅಲ್ಲಿಂದ ಮುಂದೆ ಅವರು ಸೀನಿದಾಗೆಲ್ಲ ನನ್ನ ಜೀವ ಹಾರುತ್ತಿತ್ತು. ಮೆಣಸಿನ ಕಷಾಯ ಕಾಸಲು ಬೆಂಕಿಯಿಲ್ಲ. ಬರೀ ಮೆಣಸಿನಕಾಳು ಜಗಿಯಲು ಕೊಟ್ಟೆ. ಅವರ ಕಣ್ಣು ಇನ್ನಷ್ಟು ಕೆಂಪಾಯಿತು.

ಮಂಟಪಂನಲ್ಲಿ ಸುಡುವ ಮರಳು, ಸಾಲುಸಾಲು ಬಿಳಿ ಕಟ್ಟಡ, ಹೇಳಿದಂತೆಯೇ ತಂತಿಬೇಲಿ. ಬೇಲಿಯೊಳಗೆ ತೋಟದ ಕೂಲಿಗೆ ಹೋಗುವ ಸಂಸಾರಗಳು ಪಾತ್ರೆಪಗಡಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವು. ಅವರ ಮುಖದಲ್ಲಿ ಭಯವಾಗಲಿ ಸಿಟ್ಟಾಗಲಿ ಕಾಣಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನನ್ನನ್ನು ಪರದೆಯ ಹಿಂದೆ ಕರೆದು ಒಬ್ಬ ದಾದಿ ಕಂಕುಳು ಮುಟ್ಟಿ ನೋಡಿದಳು, ಏನೋ ಕೇಳಿದಳು. ನನಗೆ ತಮಿಳು ತಿಳಿಯದು. ಸುಮ್ಮನೆ ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ ಇಲ್ಲವೆಂದೋ ಇಂದಿಗೂ ಗೊತ್ತಿಲ್ಲ. ಪರದೆಯಾಚೆ ಯಜಮಾನರು ಸೀನಿದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡೆ.

ಅವರ ಬಾಯಿಗೆ ಕಡ್ಡಿಯಿಟ್ಟು ನೋಡಿದ ಡಾಕ್ಟರು ನೆಗಡಿಯೇ ಎಂದು ಬಿಟ್ಟುಬಿಟ್ಟರಂತೆ. ಹೊರಗೆ ಬಂದಾಗ ನಗುತ್ತಿದ್ದರು. "ಏನಂದ್ರು ನೋಡು, ಮೆಣಸು ತಿನ್ನೂದು ಬಿಡಂದ್ರು." ನನಗೆ ನಗು ಬರಲಿಲ್ಲ. ಗಂಡಸರು ಒಂದು ಕಡೆ ಹೆಂಗಸರು ಇನ್ನೊಂದು ಕಡೆ ಎಂಬ ಮಾತು ಕಿವಿಯಲ್ಲೇ ಇತ್ತು.

ಹಡಗು

ರಾಮೇಶ್ವರದಲ್ಲಿ ಸ್ನಾನ ಪೂಜೆ ಮುಗಿಸಿ ಧನುಷ್ಕೋಟಿಗೆ ಬಂದು ಹಡಗು ಹತ್ತಿದೆವು. ಹೊಳೆಯ ದೋಣಿಯಷ್ಟೇ ದೂರ ಎಂದು ಯಜಮಾನರು ಧೈರ್ಯ ಹೇಳಿದ್ದರು. ನಕಾಶೆಯಲ್ಲಿ ನಿಜಕ್ಕೂ ಅಷ್ಟೇ ಇತ್ತು. ಆದರೆ ನೆಲ ಕಣ್ಮರೆಯಾದ ಮೇಲೆ ನಕಾಶೆಯಿಂದ ಏನು ಪ್ರಯೋಜನ? ಕಾಲಕೆಳಗಿನ ಕಬ್ಬಿಣ ನಡುಗುತ್ತಿತ್ತು. ಆ ಕಬ್ಬಿಣದ ಕೆಳಗೆ ನೀರು, ಆ ನೀರಿನ ಕೆಳಗೂ ನೀರು. ನಾನು ಯಜಮಾನರ ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ವಾಂತಿ ಮಾಡಿಕೊಂಡೆ. ಎದುರಿಗಿದ್ದ, ಸಿಂಹಳದ ಉತ್ತರ ತುದಿಯ ಯಾಳ್ಪಾಣದ ತಮಿಳು ಹೆಂಗಸು ತನ್ನ ಸೊಂಟದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ, ಮೂಗಿಗೆ ಹಿಡಿದಳು. ಮೈಲಿಗೆ ಮಡಿ ಏನೂ ನೆನಪಾಗಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು ದಡ ಬರುವವರೆಗೆ ಮಲಗಿದ್ದೆ. ಇಳಿಯುವಾಗ ಅವಳು ಆ ನಿಂಬೆಹಣ್ಣನ್ನು ನನ್ನ ಕೈಗೇ ಕೊಟ್ಟುಬಿಟ್ಟಳು.

ಕೊಲಂಬೊದಿಂದ ಕೆಳಗೆ

ಕೊಲಂಬೊದ ಕಡಲದಂಡೆ ನಮ್ಮ ಪುಣೆಯ ಮಂಡೈ ತರಕಾರಿ ಪೇಟೆಯಂತೆ. ಸಾಹೇಬರ ಗಾಡಿಗಳು, ಗಾಳಿಪಟ, ಹುರಿದ ಕಡಲೆ ಮಾರುವವರು. ನನ್ನ ಕಚ್ಚೆಸೀರೆ ಅಲ್ಲಿಯವರಿಗೆ ಹೊಸದು. ಒಂದು ಗುಂಪು ಹೆಂಗಸರು ಹಿಂದಿನಿಂದ ಬಂದು ಕಚ್ಚೆಯನ್ನು ಬೆರಳಿನಿಂದ ಎಳೆದು ನೋಡಿ, ತಮ್ಮೊಳಗೇ ಏನೋ ಚರ್ಚೆ ಮಾಡಿದರು. ನನಗೂ ಅವರಲ್ಲಿ ಹೊಸದೊಂದು ಕಂಡಿತು. ಅಲ್ಲಿಯ ವಯಸ್ಸಾದ ಗಂಡಸರು ಕೂದಲನ್ನು ತುರುಬು ಕಟ್ಟಿ, ನೆತ್ತಿಯ ಮೇಲೆ ಆಮೆಚಿಪ್ಪಿನ ಬಾಗಿದ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಇಲ್ಲಿ ಪಿಸುಮಾತಿಗೂ ಜಾಗಾ ಇಲ್ಲ" ಎಂದರು ಯಜಮಾನರು.

ಕಡಲಿಗೆ ಒತ್ತಿಕೊಂಡೇ ಓಡುವ ರೈಲು ಹತ್ತಿ ದಕ್ಷಿಣಕ್ಕೆ ಇಳಿದೆವು. ಅಲ್ಲಲ್ಲಿ ಇಳಿದು ನೋಡುವುದು, ಸರಿಬೀಳದಿದ್ದರೆ ಮುಂದಕ್ಕೆ ಹೋಗುವುದು. ಒಂದು ಊರಿನಲ್ಲಿ ಮರಳ ಮೇಲೇ ಸೇಂದಿಯಂಗಡಿ. ಇನ್ನೊಂದರಲ್ಲಿ ತೆಂಗಿನ ಸಿಪ್ಪೆಯನ್ನು ಹಗ್ಗಕ್ಕಾಗಿ ಗುಂಡಿಗಳಲ್ಲಿ ಕೊಳೆಹಾಕಿದ್ದರು. ಆ ನಾತಕ್ಕೆ ಮೂಗು ಮುಚ್ಚಿಕೊಂಡು ಓಡಿದೆವು. ಮತ್ತೊಂದು ಕಡೆ ದಂಡೆ ಚೆನ್ನಾಗಿತ್ತು, ನಾವು ಕೂತೆವು. ಆದರೆ ಸ್ವಲ್ಪ ಹೊತ್ತಿನಲ್ಲಿ ಊರಿನ ಅರ್ಧ ಮಂದಿ ಬಂದು ನಮ್ಮೆದುರು ಸಾಲಾಗಿ ಕುಳಿತು, ಸಮುದ್ರಕ್ಕೆ ಬೆನ್ನು ಮಾಡಿ ನಮ್ಮನ್ನೇ ನೋಡತೊಡಗಿದರು. ಯಾರೂ ಏನೂ ಕೇಳಲಿಲ್ಲ. ಒಬ್ಬ ಮುದುಕ ನಮಗೆ ಎಲೆಅಡಿಕೆ ಕೊಟ್ಟ. ನಾವು ಹಾಕಿಕೊಂಡೆವು. ನೋಡುವುದು ಮುಂದುವರಿಯಿತು.

ಹೋದಷ್ಟೂ ಮೋಡ ತಗ್ಗುತ್ತಿತ್ತು. ಪ್ರತಿ ದಂಡೆಯೂ ಹಿಂದಿನದಕ್ಕಿಂತ ಖಾಲಿಯಾಗುತ್ತಿತ್ತು. ಯಜಮಾನರ ಉತ್ಸಾಹ ಹೆಚ್ಚುತ್ತಿತ್ತು, ನನ್ನ ಎದೆ ಕುಗ್ಗುತ್ತಿತ್ತು. ಅಲೆಯ ಸದ್ದು ಕೊಲಂಬೊದಲ್ಲಿದ್ದಂತೆ ಇರಲಿಲ್ಲ. ದೂರದಲ್ಲಿ ಯಾರೋ ಭಾರದ ಬೀಸುಕಲ್ಲು ತಿರುವಿ ನಿಲ್ಲಿಸಿ, ಮತ್ತೆ ತಿರುವಿದಂತೆ ಕೇಳುತ್ತಿತ್ತು.

ಹೆಸರಿಲ್ಲದ ಊರು

ರೈಲು ಮುಗಿಯುವಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದು ಒಂದು ಸರಕಾರಿ ವಿಶ್ರಾಂತಿಗೃಹದಲ್ಲಿ ಇಳಿದೆವು. ಅದನ್ನು ನೋಡಿಕೊಳ್ಳುವವನು ಸಿಮನ್ ಎಂಬ ಮುದುಕ. ಅವನಿಗೆ ಒಂದು ಹಿಡಿ ಇಂಗ್ಲಿಷ್ ಮಾತು ಗೊತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಪ್ರತಿ ಪಲ್ಯಕ್ಕೂ ಒಣಮೀನಿನ ಪುಡಿ ಹಾಕುತ್ತಿದ್ದ. ಬೇಡವೆಂದಾಗ ಕಡಿಮೆ ಹಾಕಿದ. ಕೊನೆಗೆ ನಾನೇ ಮೂರು ಕಲ್ಲು ಹೂಡಿ ಅನ್ನ ಸಾರು ಮಾಡಿಕೊಂಡೆ. ಅವನು ಬೇಸರಪಡದೆ ಪಕ್ಕದಲ್ಲಿ ಕುಳಿತು ಒಗ್ಗರಣೆಯ ಇಂಗನ್ನು ಮೂಸಿ ಮೂಸಿ ನೋಡಿದ.

ಅಲ್ಲಿಂದ ತೆಂಗಿನ ತೋಪಿನ ನಡುವೆ ನಡೆದರೆ ಯಜಮಾನರು ನಕಾಶೆಯಲ್ಲಿ ಗುರುತಿಸಿದ ಕೊಲ್ಲಿ. ಎರಡು ಕಡೆ ಬಂಡೆಯ ಮೂಗು, ನಡುವೆ ಅರ್ಧಚಂದ್ರದಂತೆ ಮರಳು. ಮರಳಿನ ಮೇಲ್ಭಾಗದಲ್ಲಿ ಹತ್ತಾರು ಗುಡಿಸಲು. ದೋಣಿಗಳೆಲ್ಲ ತೋಪಿನವರೆಗೆ ಎಳೆದು ತಂದು, ತೆಂಗಿನ ಗರಿ ಹೊದಿಸಿ ಇಟ್ಟಿದ್ದವು. ಅವುಗಳ ಮೇಲೆ ಕೋಳಿಗಳು ಕೂತಿದ್ದವು. ಊರಲ್ಲಿ ಹೆಂಗಸರು, ಮಕ್ಕಳು, ನಾಯಿಗಳು. ಒಬ್ಬನೇ ಒಬ್ಬ ಗಂಡಸು ಕಾಣಲಿಲ್ಲ.

ಸಂಜೆ ಸಿಮನ್‌ನನ್ನು ಕೇಳಿದಾಗ ಅವನು ಕೈಯನ್ನು ಪೂರ್ವಕ್ಕೆ ಚಾಚಿ, "ಮೀನು. ಬೇರೆ ಸಮುದ್ರ" ಎಂದ.

"ಒಂದು ದ್ವೀಪಕ್ಕ ಎಷ್ಟು ಸಮುದ್ರ ಇರ್ತಾವಪಾ" ಎಂದು ಯಜಮಾನರು ನಕ್ಕರು. ಆ ಮಾತಿನ ಅರ್ಥ ನಮಗೆ ಆಮೇಲೆ ತಿಳಿಯಿತು. ಆ ತಿಂಗಳಲ್ಲಿ ಮಳೆಗಾಳಿ ಎದ್ದು ದಕ್ಷಿಣದ ಕಡಲು ಕೆಡುತ್ತದೆ. ಊರಿನ ಗಂಡಸರೆಲ್ಲ ಬಲೆ ಕಟ್ಟಿಕೊಂಡು, ಕಡಲು ಶಾಂತವಿರುವ ಪೂರ್ವದ ತೀರಕ್ಕೆ ಹೋಗಿ ಗುಡಿಸಲು ಹಾಕುತ್ತಾರೆ. ನಾವು ಹುಡುಕಿಕೊಂಡು ಹೋದ ಆ ನಿರ್ಜನತೆಗೆ ಇದೇ ಕಾರಣ. ನಕಾಶೆಯಲ್ಲಿ ಋತುಗಳನ್ನು ಬರೆದಿರುವುದಿಲ್ಲ.

ಆದರೆ ಮೊದಲ ದಿನ ನಾವು ಸುಖವಾಗಿದ್ದೆವು. ಅದನ್ನು ಬರೆಯದಿದ್ದರೆ ಈ ಕಥನ ಸುಳ್ಳಾಗುತ್ತದೆ. ಗುಡಿಸಲುಗಳಿಂದ ದೂರ, ಬಂಡೆಯ ಮರೆಯಲ್ಲಿ ಕುಳಿತೆವು. "ಈಗ ಮಾತಾಡು, ಜೋರಾಗಿ" ಎಂದರು. ನನಗೆ ಬಾಯಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಅಲೆಗಿಂತ ಮೇಲಾಗಿ ಕೇಳಬೇಕೆಂದು ಪ್ರಾಣವೆಲ್ಲ ಕೂಡಿಸಿ ಕೂಗಿದೆ: "ಮೊನ್ನೆ ಸಾರಿಗೆ ಉಪ್ಪು ಭಾಳ ಆಗಿತ್ತೇನ್ರೀ?"

ಅವರು ನಕ್ಕದ್ದು, ಬಿದ್ದು ಬಿದ್ದು ನಕ್ಕದ್ದು. ನಾನು ಅವರ ನಗುವನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಆಮೇಲೆ ಹೊತ್ತು ಮುಳುಗುವವರೆಗೆ ಏನೇನು ಮಾತಾಡಿದೆವೋ. ಅತ್ತೆಯ ವಿಷಯ, ಧಾರವಾಡದ ವಿಷಯ, ನಮಗೆ ಮಕ್ಕಳಾಗದ ವಿಷಯ. ಅದನ್ನು ಪಿಸುದನಿಯಲ್ಲಿ ಎಂದೂ ಆಡಿರಲಿಲ್ಲ.

ಮರುದಿನ

ಬೆಳಗ್ಗೆ ಮೋಡ ಒಡೆದು ಬಿಸಿಲು ಬಿದ್ದಿತ್ತು. ಕೊಲ್ಲಿಯ ಎರಡೂ ಬದಿಗೆ ಬಿಳಿ ನೊರೆಯೆದ್ದು ಒಡೆಯುತ್ತಿತ್ತು. ನಡುವೆ ಮಾತ್ರ ಒಂದು ಪಟ್ಟಿ ಎಣ್ಣೆ ಸವರಿದಂತೆ ನುಣುಪಾಗಿತ್ತು. ಯಜಮಾನರು ಅದನ್ನು ನೋಡಿ, "ಅಲ್ಲಿ ತೆರಿ ಇಲ್ಲ. ಅಲ್ಲೇ ಸ್ವಲ್ಪ ಈಸಿ ಬರ್ತೀನಿ" ಎಂದರು.

"ಬ್ಯಾಡ್ರಿ."

"ಮುಠಾ ನದಿ ಮಳಿಗಾಲದಾಗ ತುಂಬಿ ಹರಿಯೂಮುಂದ ಲಕಡಿ ಪೂಲಿನ ಸೇತುವಿ ಮ್ಯಾಲಿಂದ ಜಿಗದಾಂವ ನಾ."

ಧೋತರ ಬಿಚ್ಚಿಟ್ಟು ತುಂಡುಪಂಚೆ ಕಟ್ಟಿ ಇಳಿದರು. ಮೇಲೆ ಗುಡಿಸಲುಗಳ ಹತ್ತಿರ ಹೆಂಗಸರು ಎದ್ದು ನಿಂತು ಕೈ ಎತ್ತಿ ಬೀಸಿದರು. ಕೊಲಂಬೊದಿಂದ ಬರುವಾಗ ದಾರಿಯುದ್ದಕ್ಕೂ ಮಂದಿ ನಮ್ಮ ರೈಲಿಗೆ ಹಾಗೆ ಕೈ ಬೀಸಿದ್ದರು. ಯಜಮಾನರು ಸೊಂಟದ ನೀರಿನಲ್ಲಿ ನಿಂತು ಅವರಿಗೆ ಕೈ ಬೀಸಿದರು. ನಾನೂ ಬೀಸಿದೆ. ಆ ಹೆಂಗಸರು ಇನ್ನೂ ಜೋರಾಗಿ ಬೀಸುತ್ತ, ಕೂಗುತ್ತ, ಮರಳಿನ ಮೇಲೆ ಓಡಿ ಬರತೊಡಗಿದಾಗ ನನಗೆ ಅದು ನಮಸ್ಕಾರವಲ್ಲ ಎಂದು ತಿಳಿಯಿತು.

ತಿರುಗಿ ನೋಡುವಷ್ಟರಲ್ಲಿ ಯಜಮಾನರ ತಲೆ ದೂರ ಹೋಗಿತ್ತು. ಅವರು ಈಸುತ್ತಿದ್ದದ್ದು ನನ್ನ ಕಡೆಗೇ, ಕೈಗಳು ಬಡಿಯುತ್ತಿದ್ದದ್ದೂ ಕಾಣುತ್ತಿತ್ತು. ಆದರೂ ದೂರ ಹೋಗುತ್ತಿದ್ದರು. ಅದನ್ನು ನೋಡಿದ ಭಯವನ್ನು ಹೇಗೆ ಹೇಳಲಿ? ಒಬ್ಬ ಮನುಷ್ಯ ನಿಮ್ಮ ಕಡೆ ಮುಖ ಮಾಡಿ, ನಿಮ್ಮ ಕಡೆಗೇ ಬರುತ್ತ ಬರುತ್ತ ಸಣ್ಣವನಾಗುತ್ತ ಹೋಗುವುದು.

ನಾನು ಅವರ ಹೆಸರು ಹಿಡಿದು ಕೂಗಿದೆ. ಮದುವೆಯ ದಿನ ಒಗಟಿನಲ್ಲಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಗಂಟಲು ಹರಿಯುವಂತೆ ಕೂಗುತ್ತ ನೀರಿಗೆ ಇಳಿದೆ. ಮೊಣಕಾಲಿನ ನೀರಿನಲ್ಲೇ ಕಾಲಡಿಯ ಮರಳು ಸರಿದು ಬಿದ್ದೆ. ಯಾರದೋ ಕೈ ನನ್ನ ಸೆರಗು ಹಿಡಿಯಿತು, ಇನ್ನೊಂದು ಕೈ ತೋಳು ಹಿಡಿಯಿತು. ಹೆಂಗಸರು ನನ್ನನ್ನು ಎಳೆದು ಮರಳಿಗೆ ತಂದರು. ಎದ್ದು ನೋಡಿದರೆ ನೀರಿನ ಮೇಲೆ ತಲೆ ಇರಲಿಲ್ಲ.

ದೋಣಿಗಳು ಇದ್ದವು, ಹಗ್ಗಗಳು ಇದ್ದವು, ಅವನ್ನು ಆ ಅಲೆಗೆ ನೂಕುವ ಗಂಡಸರಿರಲಿಲ್ಲ. ಇಬ್ಬರು ಎಳೆಯ ಹೆಂಗಸರು ಬಟ್ಟೆ ಎತ್ತಿಕಟ್ಟಿ ಪಶ್ಚಿಮದ ಬಂಡೆಯ ಕಡೆಗೆ ಓಡಿದರು. ಉಳಿದವರು ನನ್ನನ್ನು ಒಂದು ಗುಡಿಸಲಿನ ಜಗಲಿಗೆ ಕರೆದೊಯ್ದು ಕೂರಿಸಿದರು. ಒಬ್ಬ ಮುದುಕಿ ನನ್ನ ಪಕ್ಕದಲ್ಲಿ ಕುಳಿತಳು. ಯಾರೋ ಕಿತ್ತಳೆ ಬಣ್ಣದ ಸಿಪ್ಪೆಯ ಎಳನೀರು ಕೆತ್ತಿ ತಂದರು. ನಾನು ಮುಟ್ಟಲಿಲ್ಲ.

ಎಷ್ಟು ಹೊತ್ತು ಕುಳಿತೆನೋ ತಿಳಿಯದು. ನೆರಳು ಜಗಲಿ ಇಳಿದು ಅಂಗಳಕ್ಕೆ ಬಂದದ್ದು ಮಾತ್ರ ನೆನಪಿದೆ. ಮೊದಮೊದಲು ಅವರ ಬಗ್ಗೆಯೇ ಯೋಚಿಸಿದೆ. ನೀರು ಕುಡಿದಿರಬಹುದೇ, ನೋವಾಗಿರಬಹುದೇ. ಆಮೇಲೆ, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನನ್ನ ಬಗ್ಗೆ ಯೋಚಿಸಿದೆ. ಒಬ್ಬಳೇ ಹಡಗು ಹತ್ತಿ, ರೈಲು ಹತ್ತಿ, ಪುಣೆಯ ಅಂಗಳಕ್ಕೆ ಕಾಲಿಡುವುದು. ಬಾಗಿಲಲ್ಲಿ ಅತ್ತೆ. ಆಮೇಲೆ ಹತ್ತನೆಯ ದಿನ. ನಮ್ಮ ವಾಡೆಯಲ್ಲಿ ಅದನ್ನು ಒಮ್ಮೆ ಕಂಡಿದ್ದೆ. ನನ್ನದೇ ವಯಸ್ಸಿನ ಒಬ್ಬಳನ್ನು ಹಿತ್ತಲಿಗೆ ಕರೆದೊಯ್ದು, ಬಳೆ ಒಡೆದು, ನಾವಿದನ ಎದುರು ಕೂರಿಸಿದರು. ಅವಳು ಹೊರಗೆ ಬಂದಾಗ ಗುರುತೇ ಸಿಗಲಿಲ್ಲ. ನಮ್ಮ ಅತ್ತೆಯ ಸೆರಗಿನ ಕೆಳಗೆ ಇರುವುದೂ ಅದೇ ಬೋಳುತಲೆ.

ಆಗಲೇ ಆ ಮುದುಕಿ ನನ್ನ ಒದ್ದೆ ಕೂದಲನ್ನು ಹಿಂಡಿ ಒರೆಸಲೆಂದು ಕೈಹಾಕಿದಳು. ನಾನು ಕಿರುಚಿ ಎರಡೂ ಕೈಯಿಂದ ತುರುಬು ಹಿಡಿದುಕೊಂಡೆ. ಅವಳು ಬೆದರಿದಳು. ನಾನು ಏಕೆ ಹಾಗೆ ಮಾಡಿದೆನೆಂದು ಅವಳಿಗೆ ಹೇಗೆ ತಿಳಿಯಬೇಕು? ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸಮುದ್ರದ ಕಡೆ ಕೈ ತೋರಿಸಿ, ಆ ಕೈಯನ್ನು ತನ್ನ ಎದೆಗೆ ಇಟ್ಟುಕೊಂಡಳು. ಮತ್ತೆ ಸಮುದ್ರ, ಮತ್ತೆ ಎದೆ. ಅವಳ ಗಂಡನೂ ಅಲ್ಲೇ ಹೋದವನು ಎಂದು ತಿಳಿಯಿತು.

ಅವಳ ತಲೆಯಲ್ಲಿ ಬೆಳ್ಳಗಿನ ಕೂದಲು ತುಂಬಿತ್ತು. ಎಣ್ಣೆ ಹಚ್ಚಿ, ಬಾಚಿ, ಮುಷ್ಟಿಗಿಂತ ದೊಡ್ಡ ತುರುಬು ಕಟ್ಟಿ, ಅದಕ್ಕೊಂದು ಕೋಲುಸೂಜಿ ಸಿಕ್ಕಿಸಿದ್ದಳು. ನಾನು ಕಣ್ಣು ಬಿಟ್ಟುಕೊಂಡು ಅದನ್ನೇ ನೋಡಿದೆ. ಆಮೇಲೆ ಕೈ ಸಡಿಲಿಸಿದೆ. ಅವಳು ನನ್ನ ಕೂದಲು ಬಿಚ್ಚಿ ಒರೆಸಿದಳು. ಎಳನೀರು ಕುಡಿದೆ.

ಬಂಡೆಯ ಕಡೆಯಿಂದ ಜನ ಬರುವುದು ಕಂಡಿತು. ಓಡಿಹೋಗಿದ್ದ ಇಬ್ಬರು ಹೆಂಗಸರು, ಅವರ ಹಿಂದೆ ಇಬ್ಬರು ಗಂಡಸರು, ಇಬ್ಬರೂ ಆ ಊರಿನವರಂತೆ ಸೊಂಟಕ್ಕೆ ಬಣ್ಣದ ಬಟ್ಟೆ ಸುತ್ತಿಕೊಂಡವರು. ಹೆಣ ಸಿಕ್ಕಿದ ಸುದ್ದಿ ತರುತ್ತಿದ್ದಾರೆ ಎಂದುಕೊಂಡೆ. ತಲೆ ಎತ್ತಲಿಲ್ಲ. ತಲೆ ಎತ್ತದಿದ್ದರೆ ಅವರು ಹೇಳಲಾರರು ಎನಿಸಿತು. ಎರಡು ಜೊತೆ ಕಾಲು ಅಂಗಳಕ್ಕೆ ಬಂದವು. ಒಂದು ಜೊತೆಯ ಮೇಲೆ ರಕ್ತವಿತ್ತು. ಆ ಕಾಲಿನ ಹೆಬ್ಬೆರಳು ನನಗೆ ಗೊತ್ತಿತ್ತು. ಪ್ರತಿ ಹಬ್ಬಕ್ಕೂ ನಾನು ನೀರು ಹಾಕಿ ತೊಳೆಯುವ ಕಾಲು ಅದು.

"ನೀರು ಕೊಡು" ಎಂದರು. ದನಿ ಒಡೆದಿತ್ತು.

ನಾನು ಆ ಕಾಲನ್ನೇ ನೋಡುತ್ತಿದ್ದೆ. ಮುದುಕಿಯೇ ಕೊಟ್ಟಳು.

ಗದ್ದಲದ ಊರು

ನುಣುಪಾಗಿ ಕಂಡ ಆ ಪಟ್ಟಿಯೇ ದಂಡೆಯ ನೀರು ಕಡಲಿಗೆ ಮರಳುವ ದಾರಿಯಂತೆ. ಅದರ ಸೆಳೆತ ಅವರನ್ನು ಬಂಡೆಯಾಚೆಗೆ ಒಯ್ದು ಅಲ್ಲಿ ಬಿಟ್ಟುಬಿಟ್ಟಿತ್ತು. ಈಸಲು ಕಸುವಿಲ್ಲದೆ ಅಂಗಾತ ತೇಲಿ, ಪಕ್ಕದ ಕೊಲ್ಲಿಯ ಕಲ್ಲುಗಳ ಮೇಲೆ ಬಿದ್ದರು. ಬೆನ್ನು, ಮೊಣಕಾಲು ಸಿಪ್ಪೆ ಸುಲಿದಂತಾಗಿದ್ದವು. ಪಂಚೆ ಹೋಗಿತ್ತು. ತೆಂಗಿನ ಮರದ ಮೇಲಿದ್ದ ಸೇಂದಿ ಇಳಿಸುವವನೊಬ್ಬ ಕಂಡು, ಇಳಿದು ಬಂದು, ತನ್ನ ಇನ್ನೊಂದು ಬಟ್ಟೆ ಕೊಟ್ಟು ಕರೆತಂದ.

ಮರುದಿನವೇ ಅಲ್ಲಿಂದ ಹೊರಟೆವು. ಸಿಮನ್ ಗಾಯಗಳಿಗೆ ಯಾವುದೋ ಎಲೆಯ ರಸ ಹಚ್ಚಿ ಕಳಿಸಿದ. ಕೊಲಂಬೊದಲ್ಲಿ ಹಿಂದೂಸ್ತಾನದ ವ್ಯಾಪಾರಿಗಳ ಧರ್ಮಶಾಲೆಯಲ್ಲಿ ಇಳಿದುಕೊಂಡು, ಸಂಜೆ ಆ ಜನಜಂಗುಳಿಯ ದಂಡೆಗೇ ಹೋಗಿ, ಕಡಲೆ ಮಾರುವವರ ನಡುವೆ ಕುಳಿತೆವು. ಎಷ್ಟು ಜನರಿದ್ದರೂ ಸಾಲದು ಎನಿಸುತ್ತಿತ್ತು. ನೀರಿನ ಕಡೆ ಇಬ್ಬರೂ ನೋಡಲಿಲ್ಲ.

"ನಾ ಕೂಗಿದ್ದು ಕೇಳಿಸ್ತೇನ್ರಿ?" ಎಂದೆ.

"ಇಲ್ಲ. ನೀರಿನ ಸಪ್ಪಳ ಬಿಟ್ಟು ಏನೂ ಕೇಳಿಸ್ಲಿಲ್ಲ." ಆಮೇಲೆ ಅವರೇ ಕೇಳಿದರು: "ನೀ ಏನು ವಿಚಾರ ಮಾಡಿದಿ, ಅಲ್ಲಿ ಕೂತು?"

ಹೇಳಿದೆ. ಬಳೆ, ಹಿತ್ತಲು, ನಾವಿದ.

"ನಮ್ಮ ಮನ್ಯಾಗ ಯಾರು ಹಂಗ ಮಾಡ್ತಿದ್ರು?"

"ಬ್ಯಾಡ ಅಂತ ಯಾರಂತಿದ್ರು?"

ಅವರು ಕಡಲೆಯ ಪೊಟ್ಟಣವನ್ನು ಬಿಚ್ಚಿ, ಮತ್ತೆ ಮಡಿಸಿ, ಮತ್ತೆ ಬಿಚ್ಚಿದರು. ಎದ್ದು ಹೊರಡುವಾಗ, "ಅವ್ವಗ ಇದನ್ನ ಹೇಳೂದು ಬ್ಯಾಡ. ಹೆದರ್ತಾಳ" ಎಂದರು. ಆಗಲಿ ಎಂದೆ.

ಮತ್ತೆ ಪುಣೆ

ಹೇಳದೆ ಉಳಿಯುವ ಮಾತೇ ಇರಲಿಲ್ಲ. ಬಂದ ಮರುದಿನ ಯಜಮಾನರು ಪಂಚಗವ್ಯಕ್ಕೆಂದು ಸ್ನಾನ ಮಾಡಿ ಬರಿಮೈಯಲ್ಲಿ ಮಣೆಯ ಮೇಲೆ ಕುಳಿತಾಗ ಅತ್ತೆ ಹಿಂದೆ ನಿಂತಿದ್ದರು. ಮಗನ ಬೆನ್ನ ಮೇಲೆ ಗಾಯದ ಹೆಪ್ಪು ಇನ್ನೂ ಉದುರಿರಲಿಲ್ಲ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಾನು ಅಕ್ಕಿ ಆರಿಸುತ್ತ ಕುಳಿತಾಗ ಅತ್ತೆ ಬಂದು ಎದುರಿಗೆ ಕುಳಿತರು.

"ಏನಾತು ಹೇಳು."

ಹೇಳಿದೆ. ಎಲ್ಲವನ್ನೂ ಹೇಳಿದೆ, ನುಣುಪು ನೀರಿನಿಂದ ಹಿಡಿದು ಆ ಜಗಲಿಯವರೆಗೆ. ಮುದುಕಿಯ ವಿಷಯಕ್ಕೆ ಬಂದಾಗ ತಡೆದೆ. ಅತ್ತೆಯೆದುರು ಅದನ್ನು ಹೇಗೆ ಹೇಳುವುದು?

"ಮುಂದ ಹೇಳು."

"ಆಕಿನೂ ಗಂಡನ್ನ ಕಳಕೊಂಡಾಕಿ ಅತ್ಯಾ. ಆದ್ರ ಆಕಿಗೆ ಕೂದಲಿತ್ತು."

ಅತ್ತೆಯ ಕೈ ಅಕ್ಕಿಯ ಮೊರದ ಮೇಲೆ ನಿಂತಿತು. "ಎಷ್ಟಿತ್ತು?"

"ಭಾಳ ಇತ್ರಿ. ಬೆಳ್ಳಗ, ಇಷ್ಟು ದೊಡ್ಡ ತುರುಬು."

"ಎಣ್ಣಿ ಹಚ್ಚಿದ್ಲೇನು?"

"ಹೌದ್ರಿ."

ಅಂಗಳದಲ್ಲಿ ಯಾರೋ ಮರಾಠಿಯಲ್ಲಿ ನೀರಿನ ನಳಕ್ಕಾಗಿ ಜಗಳವಾಡುತ್ತಿದ್ದರು. ಆಮೇಲೆ ಅತ್ತೆ, ಆ ಮನೆಯಲ್ಲಿ ನಾನು ಎಂದೂ ಕೇಳದ ಮಾತನ್ನು ಹೇಳಿದರು.

"ನಿಮ್ಮ ಮಾವನ್ನ ಪ್ಲೇಗಿನಾಗ ಊರ ಹೊರಗ ಬಿದಿರ ತಟ್ಟಿ ಕಟ್ಟಿದ ದವಾಖಾನಿಗೆ ಒಯ್ದ್ರು. ನನ್ನ ಒಳಗ ಬಿಡಲಿಲ್ಲ. ಬೇಲಿ ಹೊರಗ ಕೂತಿದ್ದೆ, ಸಣ್ಣ ಮಗನ್ನ ಮಡಲಾಗ ಇಟಗೊಂಡು. ನಿನ್ನಂಗs ಕೂತಿದ್ದೆ. ಯಾರರೆ ಬಂದ್ರ ತಲಿ ಎತ್ತುತಿದ್ದಿಲ್ಲ." ಮೊರವನ್ನು ಒಮ್ಮೆ ಕೇರಿದರು. "ಒಂದಿನಾ ಒಬ್ಬಾಂವ ಬಂದು ಹೇಳೇಬಿಟ್ಟ."

ನಾನು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಹಾಕಿದೆ.

"ನಿನ್ನ ಗಂಡ ತಿರುಗಿ ಬಂದಾಗ ಬೈದಿ ಇಲ್ಲೋ?"

"ಇಲ್ರಿ."

"ಬೈಬೇಕಾಗಿತ್ತು" ಎಂದು ಎದ್ದು, ಹೊರಗಿನ ಖೋಲಿಯಲ್ಲಿದ್ದ ಮಗನನ್ನು ಕರೆದರು. ಅವರು ಬಂದು ಬಾಗಿಲಲ್ಲಿ ನಿಂತರು. ಅತ್ತೆ ಬೈಯತೊಡಗಿದರು. ಅವರ ದನಿ ಅಷ್ಟು ಮೇಲೇರುತ್ತದೆಂದು ವಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಳದ ಜಗಳ ನಿಂತುಹೋಯಿತು. ಹೆಂಡತಿಯನ್ನು ದಂಡೆಯ ಮೇಲೆ ಕೂರಿಸಿ ನೀರಿಗೆ ಹೋಗುವವನು ನೀನೆಂಥ ಗಂಡಸು, ಹೋಗುವಾಗ ಅವಳು ಬೇಡ ಅಂದದ್ದು ಕೇಳಿಸಲಿಲ್ಲವೇ, ನಿಮಗೇನು, ನೀವು ಹೋಗಿಬಿಡುತ್ತೀರಿ, ಆಮೇಲೆ ಕೂತವರ ಗತಿಯೇನು. ಬೈಯುತ್ತ ಬೈಯುತ್ತ ಅಳತೊಡಗಿದರು. ಅದರಲ್ಲಿ ಅರ್ಧ ಮಾತು ಮಗನಿಗೆ ಆಡಿದ್ದಲ್ಲ ಎಂದು ನನಗೆ ತಿಳಿಯಿತು. ಯಜಮಾನರಿಗೂ ತಿಳಿದಿರಬೇಕು, ತಲೆ ತಗ್ಗಿಸಿ ನಿಂತೇ ಇದ್ದರು.

ಕೊನೆಗೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ತೋರಿಸಿದರು.

"ನಾಳೆ ಏನರೆ ಆದ್ರ, ಈಕಿ ತಲಿ ಯಾರೂ ಮುಟ್ಟಬಾರದು. ನಾ ಇದ್ರೂ ಅಷ್ಟs, ಇಲ್ಲದಿದ್ರೂ ಅಷ್ಟs. ನಿನ್ನ ತಮ್ಮಂದಿರಿಗೂ ನೀನs ಹೇಳು. ಮಠದಾವರು ಬಂದು ತಲಿ ಯಾಕ ಬೋಳಿಸಲಿಲ್ಲಂತ ಕೇಳಿದ್ರ ನಾ ಹೇಳೀನಂತ ಹೇಳಲಿ."

ಯಜಮಾನರು ನೆಲ ನೋಡುತ್ತಲೇ ತಲೆಯಾಡಿಸಿದರು.

"ಹೂಂ ಅನ್ನು" ಎಂದರು ಅತ್ತೆ.

"ಹೂಂ."

"ಜೋರಾಗಿ ಅನ್ನು. ಆಕಿಗೆ ಕೇಳಿಸಲಿ."

ಅವರು ತಲೆಯೆತ್ತಿ, ತಾಯಿಯೆದುರಿಗೇ ನನ್ನ ಮುಖ ನೋಡಿ, ವಾಡೆಗೆಲ್ಲ ಕೇಳುವ ಹಾಗೆ ಹೂಂ ಅಂದರು.